ಎರೆಸೀಮೆಗೆ ಸೈಕಲ್ ಯಾತ್ರೆ: ಗಂಟುಮೂಟೆಯ ಸಿದ್ಧತೆ

(ಸೈಕಲ್ ಯಾತ್ರೆಗೆ ಹೊರಡುವವರ ಪೂರ್ವಸಿದ್ಧತಾ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪ್ರತಿವರ್ಷ ಭಾರತ ಹುಣ್ಣಿಮೆ ಸಮೀಪಿಸಿದಂತೆ ಧಾರವಾಡ, ಬೆಳಗಾವಿ, ಹಾವೇರಿ ಕಡೆಯ ರೈತರು ಚಕ್ಕಡಿ ಹೂಡಿಕೊಂಡು ಉಳವಿಯ ಜಾತ್ರೆಗೆ ಹೊರಡುತ್ತಾರೆ. ಹನ್ನೆರಡನೆಯ ಶತಮಾನದ ಶರಣ ಚನ್ನಬಸವಣ್ಣನವರ ಆ ಕ್ಷೇತ್ರವು ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವೆ ಇದೆ. ಬಯಲಿನ ಎತ್ತುಗಳು ಹಲವು ದಿನ ನಡೆದು ಘಟ್ಟದ ಕಾಡನ್ನು ಹೊಗುತ್ತವೆ. ಆ ಚಕ್ಕಡಿಗಳಲ್ಲಿ ಇರುವುದೇನೆಂಬುದನ್ನು ಗಮನಿಸಬೇಕು. ಎತ್ತುಗಳಿಗೆ ಮೇವು, ಮನುಷ್ಯರಿಗೆ ರೊಟ್ಟಿ ಮತ್ತು ಹಿಂಡಿ, ಅಡುಗೆಗೆ ಒಂದೆರಡು ಪಾತ್ರೆ, ಹೊದೆಯಲು ಕೌದಿ, ಕಟ್ಟಲು ಹಗ್ಗ. ಕಟ್ಟಿಗೆಯ ಗಾಲಿಗಳ ಕಾಲದಲ್ಲಿ ಇವುಗಳ ಜೊತೆಗೆ ಕೀಲೆಣ್ಣೆಯ ಬುಡ್ಡಿಯೊಂದು ತೂಗಾಡುತ್ತಿತ್ತು. ರಾತ್ರಿಗೆ ಚಕ್ಕಡಿಯೇ ಸೂರು. ದೂರಪಯಣದ ಸಲಕರಣೆಯನ್ನು ಕುರಿತು ಈ ಜಿಲ್ಲೆಯ ಜನ ತಲೆಮಾರುಗಳಿಂದ ಅರಿತಿರುವುದೆಲ್ಲ ಆ ಚಕ್ಕಡಿಯಲ್ಲಿದೆ.

ಇಂದಿನ ವಿಷಯ ಅದಕ್ಕೆ ವಿರುದ್ಧ ದಿಕ್ಕಿನ ಪಯಣ. ಘಟ್ಟದ ಮೇಲಿನ ಊರುಗಳಿಂದ ಸೈಕಲ್ ಏರಿ, ಕಲಘಟಗಿಯ ಮೂಲಕ ಕುಂದಗೋಳ, ಅಣ್ಣಿಗೇರಿ, ನವಲಗುಂದಗಳ ಹಳ್ಳಿಗಳನ್ನು ಸುತ್ತಿ ಬರುವ ಎಂಟು ಹತ್ತು ದಿನಗಳ ಯಾತ್ರೆಗೆ ಏನೇನು ಹೊಂದಿಸಿಕೊಳ್ಳಬೇಕು ಎಂಬುದು. ಇದು ಅಂಗಡಿಯಲ್ಲಿ ಕೊಳ್ಳಬೇಕಾದ ವಸ್ತುಗಳ ಪಟ್ಟಿಯಿಂದ ಮುಗಿಯುವ ಸಂಗತಿಯಲ್ಲ. ಯಾವ ವಸ್ತು ಬೇಕು, ಯಾವುದು ಬೇಡ ಎಂಬುದನ್ನು ಹೋಗಲಿರುವ ನೆಲವೇ ಹೇಳುತ್ತದೆ. ಮಲೆನಾಡಿನ ಅಭ್ಯಾಸದಂತೆ ಗಂಟು ಕಟ್ಟಿಕೊಂಡು ಬಯಲಿಗಿಳಿದ ಸವಾರನು ಎರಡನೆಯ ದಿನವೇ ಬಳಲುತ್ತಾನೆ. ತಾನು ಬಳಲುವುದಷ್ಟೇ ಅಲ್ಲ, ಹೋದ ಊರಿಗೂ ಹೊರೆಯಾಗುತ್ತಾನೆ.

ಎರಡು ಕಡಲುಗಳ ನಡುವಿನ ದಾರಿ

ಮೊದಲು ನೆಲದ ಪರಿಚಯ. ಕಲಘಟಗಿಯ ಸೀಮೆ ಅರೆಮಲೆನಾಡು. ಅಲ್ಲಿ ಬತ್ತದ ಗದ್ದೆಗಳಿವೆ, ಕುರುಚಲು ಕಾಡಿದೆ, ಕೆರೆಗಳಿವೆ. ಅಲ್ಲಿ ಬಿದ್ದ ಮಳೆಯ ಬಹುಭಾಗ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಪಶ್ಚಿಮದ ಕಡಲಿಗೆ ಹೋಗುತ್ತದೆ. ಆದರೆ ಕುಂದಗೋಳ, ನವಲಗುಂದಗಳ ಕಡೆ ಬಿದ್ದ ಮಳೆ ಬೆಣ್ಣಿಹಳ್ಳವನ್ನು ಸೇರಿ, ಮಲಪ್ರಭೆಗೆ ಕೂಡಿ, ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಯನ್ನು ಮುಟ್ಟುತ್ತದೆ. ಎರಡು ದಿನಗಳ ಸವಾರಿಯಲ್ಲಿ ಸೈಕಲ್ ಒಂದು ಕಡಲಿನ ಜಲಾನಯನದಿಂದ ಇನ್ನೊಂದು ಕಡಲಿನ ಜಲಾನಯನಕ್ಕೆ ದಾಟುತ್ತದೆ. ಕಣ್ಣಿಗೆ ಕಾಣುವ ಪರ್ವತವೊಂದೂ ನಡುವೆ ಇಲ್ಲ. ಕಾಣುವುದು ಮಣ್ಣಿನ ಬಣ್ಣ ಬದಲಾಗುವುದು, ಮರಗಳು ವಿರಳವಾಗುವುದು.

ಮಲೆನಾಡಿಗನಿಗೆ ಏರು ದಾರಿಯೇ ಸೈಕಲ್ಲಿನ ಶತ್ರು. ಎರೆಸೀಮೆಯಲ್ಲಿ ಏರು ಇಲ್ಲ. ಅಲ್ಲಿ ಎದುರು ನಿಲ್ಲುವುದು ಗಾಳಿ ಮತ್ತು ಬಿಸಿಲು. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದ ಗಾಳಿ ಬಯಲಿನ ಮೇಲೆ ತಡೆಯಿಲ್ಲದೆ ಬೀಸುತ್ತದೆ. ಹೋಗುವಾಗ ಬೆನ್ನು ತಟ್ಟಿದ ಗಾಳಿ ಬರುವಾಗ ಎದೆಗೆ ಒದೆಯುತ್ತದೆ. ಆದುದರಿಂದ ದಿನದ ದೂರವನ್ನು ಗೊತ್ತುಪಡಿಸುವಾಗ ಹೋಗುವ ದಿನಗಳಿಗೂ ಮರಳುವ ದಿನಗಳಿಗೂ ಒಂದೇ ಲೆಕ್ಕ ಹಾಕಬಾರದು. ಯಾತ್ರೆಗೆ ತಕ್ಕ ಕಾಲ ಡಿಸೆಂಬರಿನಿಂದ ಫೆಬ್ರವರಿ. ಆಗ ಹಿಂಗಾರಿ ಜೋಳ, ಕಡಲೆ, ಗೋಧಿ, ಕುಸುಬೆಗಳು ಹೊಲದಲ್ಲಿರುತ್ತವೆ, ದಾರಿಗಳು ಒಣಗಿರುತ್ತವೆ. ಆಗಲೂ ಬೆಳಕು ಹರಿಯುತ್ತಲೇ ಹೊರಟು, ಹನ್ನೊಂದರಿಂದ ಮೂರರವರೆಗೆ ನೆರಳಿನಲ್ಲಿ ತಂಗುವುದು ವಿವೇಕ. ಅಗಲ ಅಂಚಿನ ಟೋಪಿ ಅಥವಾ ರುಮಾಲು ಈ ಪಟ್ಟಿಯ ಮೊದಲ ವಸ್ತು.

ಸೈಕಲ್

ಯಾವ ಸೈಕಲ್ ಒಯ್ಯಬೇಕೆಂಬ ಪ್ರಶ್ನೆಗೆ ಉತ್ತರ ಇಷ್ಟೆ: ಕೆಟ್ಟರೆ ಹಳ್ಳಿಯಲ್ಲಿ ರಿಪೇರಿಯಾಗುವಂಥದು. ಗೇರುಗಳ, ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳು ಹಗುರವೂ ಸುಖಕರವೂ ಹೌದು. ಆದರೆ ಅವುಗಳ ಬಿಡಿಭಾಗ ಬೇಕಾದರೆ ಹುಬ್ಬಳ್ಳಿಗೇ ಹೋಗಬೇಕು. 28 ಇಂಚು ಗಾಲಿಯ ಹಳೆಯ ಕರಿ ಸೈಕಲ್ 20 ಕಿಲೋ ಆಸುಪಾಸು ತೂಗುತ್ತದೆ. ಆದರೂ ಅದರ ರಚನೆಯಲ್ಲೊಂದು ಜಾಣ್ಮೆಯಿದೆ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹೊರೆ ಹಿಂದೆ ಬೀಳುತ್ತದೆಂಬುದನ್ನು ಅರಿತೇ ಮಾಡಿದ ವ್ಯವಸ್ಥೆ ಇದು. ಹಾಲಿನ ಕ್ಯಾನು, ಮೇವಿನ ಹೊರೆ, ಬಟ್ಟೆಯ ಗಂಟುಗಳನ್ನು ಹೊತ್ತು ಈ ಸೈಕಲ್ ಈ ನಾಡಿನಲ್ಲಿ ಪರೀಕ್ಷೆಗೊಳಗಾಗಿದೆ. ಹಿಂದಿನ ಫ್ರೀವ್ಹೀಲಿಗೆ 18 ಹಲ್ಲಿನ ಬದಲು 20 ಅಥವಾ 22 ಹಲ್ಲಿನದನ್ನು ಹಾಕಿಸಿಕೊಂಡರೆ ವೇಗ ತುಸು ಕುಗ್ಗುತ್ತದೆ. ಎದುರು ಗಾಳಿಯಲ್ಲಿಯೂ ಘಟ್ಟದ ಏರಿನಲ್ಲಿಯೂ ಕಾಲಿಗೆ ಬಿಡುವು ಸಿಗುತ್ತದೆ.

2006–07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚತೊಡಗಿದ ಸೈಕಲ್ಲುಗಳು ಅನೇಕ ಮನೆಗಳ ಕೊಟ್ಟಿಗೆಯಲ್ಲಿ ಈಗಲೂ ಬಿದ್ದಿವೆ. ಹೊಸದನ್ನು ಕೊಳ್ಳುವ ಮುನ್ನ ಅಂಥದೊಂದನ್ನು ಹೊರತೆಗೆದು, ಗುಂಬಗಳನ್ನು ಬಿಚ್ಚಿಸಿ, ಒಳಗಿನ ಗುಂಡುಗಳನ್ನೂ ಗ್ರೀಸನ್ನೂ ಬದಲಿಸಿ, ಬ್ರೇಕಿನ ರಬ್ಬರು, ಟಯರು, ಟ್ಯೂಬುಗಳನ್ನು ಹೊಸದಾಗಿ ಹಾಕಿಸಿ ನೋಡಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ಇಂದು ಅನೇಕ ಹಳ್ಳಿಗಳ ಸೈಕಲ್ ಅಂಗಡಿ ಮೋಟಾರ್‌ಸೈಕಲ್ ಪಂಚರ್ ಅಂಗಡಿಯಾಗಿದೆ. ಗಾಳಿ ಸಿಗುತ್ತದೆ, ಸೊಲ್ಯೂಷನ್ ಸಿಗುತ್ತದೆ. ಸೈಕಲ್ಲಿನ ಕಡ್ಡಿಯೋ ಕಾಟರ್ ಪಿನ್ನೋ ಸಿಗದಿರಬಹುದು. ಇವನ್ನು ಜೊತೆಯಲ್ಲೇ ಒಯ್ಯಬೇಕು. ಸವಾರರೆಲ್ಲರ ಸೈಕಲ್ಲೂ ಒಂದೇ ಅಳತೆಯ ಗಾಲಿಯದಾಗಿದ್ದರೆ ಹತ್ತು ಜನರಿಗೆ ಎರಡು ಟಯರು, ನಾಲ್ಕು ಟ್ಯೂಬು, ಎರಡು ಪಂಪು, ಒಂದು ಜೊತೆ ಪಾನಾ, ಒಂದು ಚೈನು ಸಾಕು. ಅಳತೆಗಳು ಬೇರೆಬೇರೆಯಾದರೆ ಪ್ರತಿಯೊಬ್ಬನೂ ಒಂದು ಅಂಗಡಿಯನ್ನೇ ಹೊರಬೇಕಾಗುತ್ತದೆ.

ಮುಳ್ಳು ಮತ್ತು ಎರೆ

ಎರೆಸೀಮೆಯಲ್ಲಿ ಟಯರಿಗೆ ಮೂರು ಬಗೆಯ ಮುಳ್ಳಿನ ಭಯ. ಬದುಗಳ ಕರಿಜಾಲಿ ಮತ್ತು ಕೆರೆಯಂಗಳದ ಬಳ್ಳಾರಿ ಜಾಲಿ ಮೊದಲನೆಯದು. ಎರಡನೆಯದು ನೆಗ್ಗಿಲು. ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಈ ಕಳೆಯ ಕಾಯಿ ಒಣಗಿ ಐದು ಹೋಳುಗಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಸೈಕಲ್ಲನ್ನು ರಸ್ತೆಯ ಪಕ್ಕದ ಮಣ್ಣಿಗಿಳಿಸಿದೊಡನೆ ಚುಚ್ಚುವುದು ಇದೇ. ಮೂರನೆಯದು ಕುಸುಬೆ. ದನಗಳು ನುಗ್ಗದಂತೆ ಹೊಲದ ಅಂಚಿಗೆ ಬಿತ್ತುವ ಈ ಬೆಳೆಯ ಎಲೆಯಂಚುಗಳೆಲ್ಲ ಮುಳ್ಳು. ಕೊಯ್ಲಿನ ಕಾಲದಲ್ಲಿ ಬೆಳೆಯನ್ನು ರಸ್ತೆಯ ಮೇಲೆ ಹರವಿ ಒಕ್ಕುವ ರೂಢಿ ಅಲ್ಲಲ್ಲಿ ಇದೆ. ಅಂಥಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡೇ ದಾಟಬೇಕು. ಹೊಟ್ಟು, ದಂಟುಗಳು ಚೈನಿಗೂ ಅಚ್ಚಿಗೂ ಸುತ್ತಿಕೊಳ್ಳುತ್ತವೆ. ರೈತನ ರಾಶಿಯ ಮೇಲೆ ಗಾಲಿ ಹಾಯಿಸುವುದೂ ಸಲ್ಲದು. ಹಳೆಯ ಟಯರಿನ ಅಂಚಿನ ತಂತಿಯನ್ನು ಕತ್ತರಿಸಿ ತೆಗೆದು, ಉಳಿದ ಪಟ್ಟಿಯನ್ನು ಹೊಸ ಟಯರಿನೊಳಗೆ ಅಸ್ತರಿಯಂತೆ ಕೂಡಿಸಿದರೆ ಪಂಚರುಗಳು ಬಹಳಷ್ಟು ತಗ್ಗುತ್ತವೆ.

ಮಳೆ ಬಿದ್ದರೆ ಮಾತು ಬೇರೆ. ಎರೆಮಣ್ಣಿನ ಜೇಡಿಯು ನೀರನ್ನು ಹೀರಿ ಉಬ್ಬುತ್ತದೆ, ಹಿಟ್ಟಿನಂತೆ ಅಂಟುತ್ತದೆ. ಮಡ್‌ಗಾರ್ಡಿನೊಳಗೆ ತುಂಬಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ಆಗ ಬೇಕಾಗುವ ಸಲಕರಣೆ ಒಂದು ಚಪ್ಪಟೆ ಬಿದಿರುಸೀಳು ಮತ್ತು ತಾಳ್ಮೆ. ಹೊಲದ ದಾರಿಯನ್ನು ಬಿಟ್ಟು ಡಾಂಬರಿಗೆ ಬರುವುದೇ ಲೇಸು. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ದಾರಿ ಕಡಿಯುವುದು ಹೊಸದಲ್ಲ. 2019ರ ಆಗಸ್ಟಿನ ನೆರೆಯನ್ನು ಆ ಊರಿನವರು ಮರೆತಿಲ್ಲ. ಹಳ್ಳದ ದಂಡೆಯಲ್ಲಿ ಬಿಡಾರ ಹೂಡುವುದನ್ನು ಯಾವ ಕಾಲದಲ್ಲಿಯೂ ಯೋಚಿಸಬಾರದು.

ಚೀಲ ಮತ್ತು ಹೊರೆ

ಸವಾರನ ಸ್ವಂತ ಹೊರೆ ನೀರನ್ನು ಬಿಟ್ಟು 12 ಕಿಲೋ ಮೀರದಿರಲಿ. ಬೆನ್ನಿಗೆ ಚೀಲ ಬೇಡ. ಬಿಸಿಲಿನಲ್ಲಿ ಬೆನ್ನು ಬೆವರಲು ಜಾಗವಿರಬೇಕು. ಹಾಲು ಮಾರುವವರು ಕ್ಯಾನುಗಳನ್ನು ಕ್ಯಾರಿಯರಿನ ಎರಡೂ ಬದಿಗೆ ಕೆಳಗೆ ತೂಗುಬಿಡುವಂತೆ ಭಾರ ತಗ್ಗಿನಲ್ಲಿಯೂ ಸಮನಾಗಿಯೂ ಇದ್ದರೆ ಸೈಕಲ್ ವಾಲುವುದಿಲ್ಲ. ಇಂಥ ಜೋಡಿಚೀಲವನ್ನು ದಪ್ಪ ಖಾದಿ ಅಥವಾ ಕ್ಯಾನ್ವಾಸಿನಿಂದ ಊರಿನ ದರ್ಜಿಯೇ ಹೊಲಿದುಕೊಡಬಲ್ಲ. ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದ ಗರಗದ ಖಾದಿ ಕೇಂದ್ರ ಇರುವುದು ಇದೇ ಧಾರವಾಡ ಜಿಲ್ಲೆಯಲ್ಲಿ. ಕಾಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಗೆ ತೆಳ್ಳಗೆ ಸವರಿ ಕೆಲವು ದಿನ ಒಣಗಿಸಿದರೆ ಅದು ಗಾಳಿಯೊಡನೆ ಕೂಡಿ ಪೊರೆಗಟ್ಟಿ ನೀರನ್ನು ತಡೆಯುತ್ತದೆ. ಆದರೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬಾರದು. ಒಳಗೇ ಕಾವೇರಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅದನ್ನು ಬಿಡಿಸಿ ಹರವಿ ಒಣಗಿಸಬೇಕು.

ಇರುಳಿನ ವ್ಯವಸ್ಥೆ

ಗುಡಾರ ಬೇಕೆ? ಕಲಘಟಗಿಯ ಕಾಡಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗುಡಾರ ಹೂಡುವಂತಿಲ್ಲ. ಎರೆಭೂಮಿಯಲ್ಲಿ ಹೂಡಲು ಸ್ಥಳವಿಲ್ಲ, ಹೊಲದ ತುಂಬ ಬೆಳೆಯಿರುತ್ತದೆ. ಬೆಳೆ ತೆಗೆದ ಮೇಲೆ ನೆಲ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಗೂಟ ನಿಲ್ಲುವುದಿಲ್ಲ, ಚೇಳು ಹಾವುಗಳು ನಿಲ್ಲುತ್ತವೆ. ಆದಕಾರಣ ಶಾಲೆಯ ಜಗಲಿ, ಗುಡಿಯ ಪೌಳಿ, ಮಠದ ಪಡಸಾಲೆಗಳೇ ಸರಿಯಾದ ತಂಗುದಾಣ. ಮುಖ್ಯೋಪಾಧ್ಯಾಯರಿಗೆ ಅಥವಾ ಗ್ರಾಮ ಪಂಚಾಯತಿಗೆ ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಬೇಕು. ತಂಡದಲ್ಲಿ ಮಹಿಳೆಯರಿರುವಾಗ ಇದು ಇನ್ನಷ್ಟು ಮುಖ್ಯ. ಮೈಲುಗಟ್ಟಲೆ ಪೊದೆಯೊಂದೂ ಇಲ್ಲದ ಬಯಲಿನಲ್ಲಿ ಶೌಚಾಲಯವಿರುವ ಕಟ್ಟಡವನ್ನೇ ಆರಿಸಿಕೊಳ್ಳಬೇಕು.

ಅಡಿಕೆ ಒಣಗಿಸುವ ಟಾರ್ಪಾಲು ಮಲೆನಾಡಿನ ಮನೆಮನೆಯಲ್ಲಿದೆ. ಬಯಲಿನವರು ಅದನ್ನು ತಾಡಪತ್ರಿ ಎನ್ನುತ್ತಾರೆ. ನಾಲ್ವರಿಗೆ ಒಂದರಂತೆ ಇದ್ದರೆ ಹಾಸಲೂ ಆಯಿತು, ಅಕಾಲದ ಮಳೆಗೆ ಮರೆ ಕಟ್ಟಲೂ ಆಯಿತು. ಕಂಬಳಿ ಭಾರವಾದರೂ ಜನವರಿಯ ಬೆಳಗಿನ ಚಳಿಗೆ ಬೇಕು. ಎಲ್ಲಕ್ಕಿಂತ ಮಿಗಿಲಾದುದು ಸೊಳ್ಳೆಪರದೆ. ಅದರ ಅಂಚನ್ನು ಚಾಪೆಯ ಅಡಿಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ, ನೆಲದ ಮೇಲೆ ನಿದ್ರಿಸುವವರನ್ನು ರಾತ್ರಿಯಲ್ಲಿ ಕಚ್ಚುವ ಕಟ್ಟುಹಾವಿನಿಂದಲೂ ರಕ್ಷಣೆ ದೊರೆಯುತ್ತದೆ. ಹಾವು ಕಚ್ಚಿದಲ್ಲಿ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಅಂಗವನ್ನು ಅಲುಗಿಸದೆ ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಒಯ್ಯಬೇಕು. ದಾರಿಯ ಆಸ್ಪತ್ರೆಗಳ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದೂ ಸಲಕರಣೆಯ ಭಾಗವೇ.

ನವಲಗುಂದದಲ್ಲಿ ಯಾರಾದರೂ ಜಮಖಾನೆ ಹಾಸಿ ಕೂರಿಸಿದರೆ ಅದನ್ನು ಗಮನವಿಟ್ಟು ನೋಡಬೇಕು. ಹತ್ತಿಯ ನೂಲಿನಲ್ಲಿ ನವಿಲುಗಳನ್ನು ಮೂಡಿಸುವ ಆ ನೇಯ್ಗೆ, ಭೌಗೋಳಿಕ ಗುರುತು ಪಡೆದ ಆ ಊರಿನ ಹೆಣ್ಣುಮಕ್ಕಳ ಕಸುಬು. ಕೆಸರುಗಾಲಿನಲ್ಲಿ ತುಳಿಯುವ ವಸ್ತುವಲ್ಲ.

ಬುತ್ತಿ

ದಾರಿಯ ಆಹಾರಕ್ಕೆ ಹೊರಗಿನ ಡಬ್ಬಿಗಳು, ಪೊಟ್ಟಣಗಳು ಬೇಕಿಲ್ಲ. ಜೋಳದ ಕಡಕ್ ರೊಟ್ಟಿ ನೀರಿನಂಶವಿಲ್ಲದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ, ಗುರೆಳ್ಳು, ಅಗಸೆಯ ಹಿಂಡಿಗಳು ಎಣ್ಣೆಯಂಶವನ್ನೂ ಉಪ್ಪನ್ನೂ ಒದಗಿಸುತ್ತವೆ. ಬೆಲ್ಲ ಮತ್ತು ಪುಟಾಣಿ ಜೇಬಿನಲ್ಲಿರಲಿ. ಕಡಲೆಯಲ್ಲಿ ನೂರಕ್ಕೆ ಸುಮಾರು 20 ಭಾಗ ಪ್ರೋಟೀನಿದೆ. ಅಣ್ಣಿಗೇರಿಯನ್ನು ಆದಿಕವಿ ಪಂಪನ ಊರೆಂದು ಬಲ್ಲವರು ಬಹಳ. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ಎಂಬ ಕಡಲೆ ತಳಿಯಿಂದಲೂ ಆ ಊರಿನ ಹೆಸರು ದೂರದೂರದ ಹೊಲಗಳನ್ನು ಮುಟ್ಟಿದೆ. ಹಿಂಗಾರಿಯಲ್ಲಿ ಮೇಲಿನಿಂದ ಮಳೆಯಿಲ್ಲದೆ, ಎರೆಮಣ್ಣು ಮೊದಲೇ ಕೂಡಿಟ್ಟುಕೊಂಡ ತೇವದಲ್ಲಿಯೇ ಆ ಬೆಳೆ ಪಕ್ವವಾಗುತ್ತದೆ. ಸಲಕರಣೆ ಹೊಂದಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ.

ನೀರು

ಎಲ್ಲಕ್ಕೂ ಕಠಿಣವಾದ ವಿಷಯವನ್ನು ಕೊನೆಗೆ ಇರಿಸಿದೆ. ಮಲೆನಾಡಿನಲ್ಲಿ ಬಾಯಾರಿದವನು ಯಾವ ಅಂಗಳಕ್ಕೆ ಹೋದರೂ ಬಾವಿಯ ನೀರು, ಜೊತೆಗೆ ಬೆಲ್ಲ ಸಿಗುತ್ತದೆ. ನವಲಗುಂದದ ಸೀಮೆಯಲ್ಲಿ ನೆಲದೊಳಗಿನ ನೀರು ಬಹುಮಟ್ಟಿಗೆ ಸವಳು. ಕುಡಿಯುವುದಕ್ಕೆ ಮಲಪ್ರಭೆಯ ಕಾಲುವೆಯಿಂದ ತುಂಬಿಸಿದ ಊರಕೆರೆಯೇ ಆಧಾರ. ಬೇಸಿಗೆಯಲ್ಲಿ ಆ ಕೆರೆಯ ಒಂದೊಂದು ಕೊಡಕ್ಕೂ ಲೆಕ್ಕವಿದೆ. ಬಿಸಿಲಲ್ಲಿ ಪೆಡಲು ತುಳಿಯುವವನಿಗೆ ದಿನಕ್ಕೆ 5 ಲೀಟರಿನಷ್ಟು ನೀರು ಬೇಕು. ಹತ್ತು ಸವಾರರಿಗೆ 50 ಲೀಟರು. ಅದು ಯಾರೋ ತಾಯಿಯೊಬ್ಬಳು ಹೊತ್ತು ತಂದ ಮೂರ್ನಾಲ್ಕು ಕೊಡ.

ಆದುದರಿಂದ ಪ್ರತಿಯೊಬ್ಬನ ಸೈಕಲ್ಲಿಗೂ ಕನಿಷ್ಠ 4 ಲೀಟರು ಹಿಡಿಯುವ ಪಾತ್ರೆಗಳಿರಬೇಕು. ಪಟ್ಟಣಗಳಲ್ಲಿ ಶುದ್ಧ ನೀರಿನ ಘಟಕದಲ್ಲಿ ಹಣ ಕೊಟ್ಟು ತುಂಬಿಸಿಕೊಂಡೇ ಹಳ್ಳಿಗೆ ಹೊರಡಬೇಕು. ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುದಿಸಿಯೇ ಕುಡಿಯಬೇಕು. ಬಳಲಿಕೆಗೆ ಒಂದು ಲೀಟರು ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಸಾಕು. ಚಮಚದ ಅಳತೆ ಸಮತಟ್ಟಾಗಿರಲಿ. ಕೆರೆಯ ದಂಡೆಯಲ್ಲಿ ಸೈಕಲ್ ತೊಳೆಯುವುದು, ಸಾಬೂನು ಹಚ್ಚುವುದು ಸರ್ವಥಾ ಕೂಡದು. ಅನೇಕ ಊರುಗಳಲ್ಲಿ ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಕಳಚಿ ಇಳಿಯುತ್ತಾರೆ, ಸವಾರನೂ ಕಳಚಬೇಕು.

ಇದು ಕೇವಲ ಶಿಷ್ಟಾಚಾರದ ಮಾತಲ್ಲ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರು ನಡೆದ ಊರು ನವಲಗುಂದ. 2015ರಿಂದ ನರಗುಂದ, ನವಲಗುಂದಗಳಲ್ಲಿ ವರ್ಷಗಟ್ಟಲೆ ಧರಣಿ ನಡೆದದ್ದು ಕಳಸಾ-ಬಂಡೂರಿಯ ನೀರಿಗಾಗಿ. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಮಹದಾಯಿ ನ್ಯಾಯಮಂಡಳಿ ಆ ನಾಲೆಗಳ ಮೂಲಕ ಮಲಪ್ರಭೆಗೆ ಗೊತ್ತುಮಾಡಿದ್ದು 3.9 ಟಿ.ಎಂ.ಸಿ. ಘಟ್ಟದ ಕಾಡನ್ನೂ ಹೊಳೆಯನ್ನೂ ಉಳಿಸಬೇಕೆನ್ನುವವರು, ಆ ಹೊಳೆಯ ನೀರು ಬೇಕೆನ್ನುವವರ ಅಂಗಳಕ್ಕೆ ಹೋಗುತ್ತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ. ಅವರ ಮಡಕೆಯ ನೀರನ್ನೇ ಕುಡಿದು ಅವರಿಗೇ ನೀರಿನ ಉಪದೇಶ ಹೇಳುವ ಸವಾರನ ಮಾತನ್ನು ಯಾರೂ ಕೇಳಲಾರರು. ತನ್ನ ನೀರನ್ನು ತಾನೇ ಹೊತ್ತು ತಂದವನು ಕಟ್ಟೆಯ ಮೇಲೆ ಕುಳಿತು ಅವರ ಮಾತನ್ನು ಮೊದಲು ಕೇಳಿದರೆ, ಆಮೇಲೆ ಅವನ ಮಾತಿಗೂ ಎಡೆ ಸಿಗಬಹುದು. ಈ ಯಾತ್ರೆಯ ಫಲ ನಿಂತಿರುವುದು ಇದರ ಮೇಲೆ.

ಹೊಂದಿಸುವ ಕ್ರಮ

ಹೊರಡುವುದಕ್ಕೆ ಒಂದು ತಿಂಗಳ ಮುಂಚೆ ಸವಾರರೆಲ್ಲ ಕೂಡಿ ತಮ್ಮ ಮನೆಗಳಲ್ಲಿ ಇರುವುದನ್ನು ಬರೆಯಲಿ. ಇರುವುದನ್ನು ಬರೆದ ಮೇಲಷ್ಟೇ ಇಲ್ಲದಿರುವುದು ಗೊತ್ತಾಗುತ್ತದೆ. ಇಲ್ಲದಿರುವುದನ್ನು ಮೊದಲು ನೆರೆಹೊರೆಯಲ್ಲಿ ಎರವಲು ಕೇಳಬೇಕು, ಕೊಳ್ಳುವುದು ಕೊನೆಯ ದಾರಿ. ಪಂಪು, ಪಾನಾ, ಔಷಧದ ಪೆಟ್ಟಿಗೆ, ಟಾರ್ಪಾಲು, ಅಡುಗೆ ಪಾತ್ರೆಗಳು ತಂಡದ ಸಾಮಾನು. ಯಾವುದು ಯಾರ ಸೈಕಲ್ಲಿನಲ್ಲಿ ಎಂಬುದನ್ನು ಗೊತ್ತುಪಡಿಸಬೇಕು. ಹೊರಡುವ ಹದಿನೈದು ದಿನ ಮುಂಚೆ ಪೂರ್ತಿ ಹೊರೆ ಕಟ್ಟಿಕೊಂಡು 30 ಕಿಲೋಮೀಟರು ತುಳಿದು, ಒಂದು ರಾತ್ರಿ ಹೊರಗೆ ಮಲಗಿ ಬರಬೇಕು. ಆ ರಾತ್ರಿ ಬಳಕೆಗೆ ಬಾರದ ವಸ್ತುಗಳಲ್ಲಿ ಪಂಚರಿನ ಸಾಮಾನು, ಔಷಧ, ಮಳೆಯ ಮರೆ ಇವಿಷ್ಟನ್ನು ಬಿಟ್ಟು ಉಳಿದವನ್ನು ಮನೆಯಲ್ಲೇ ಇಡಬಹುದು. ಕಲಘಟಗಿಯಿಂದ ಹುಬ್ಬಳ್ಳಿಯ ಮೂಲಕ ನವಲಗುಂದಕ್ಕೆ ಹೋಗುವುದು ಲಾರಿಗಳು ಓಡುವ ರಾಷ್ಟ್ರೀಯ ಹೆದ್ದಾರಿ 52. ಸಾಧ್ಯವಿದ್ದೆಡೆಯೆಲ್ಲ ಒಳರಸ್ತೆಗಳನ್ನೇ ಹಿಡಿಯಬೇಕು. ಹಿಂದೆ ಹೊಳೆಯುವ ಕೆಂಪು ಬಿಲ್ಲೆ, ಮುಂದೆ ದೀಪ, ತಲೆಗೆ ಹೆಲ್ಮೆಟ್ ಇಲ್ಲದ ಸೈಕಲ್ ಹೊರಡಲೇಬಾರದು. ಕತ್ತಲಾದ ಮೇಲೆ ಸವಾರಿ ಬೇಡ.

ಉಳವಿಯಿಂದ ಮರಳುವ ಚಕ್ಕಡಿಗಳಲ್ಲಿ ಮೇವು ತೀರಿರುತ್ತದೆ, ರೊಟ್ಟಿಯ ಗಂಟು ಬರಿದಾಗಿರುತ್ತದೆ. ಒಯ್ದದ್ದೆಲ್ಲ ಬಳಕೆಯಾಗಿರುತ್ತದೆ. ಎರೆಸೀಮೆಯಿಂದ ಮರಳುವ ಸೈಕಲ್ಲುಗಳೂ ಹಾಗೆಯೇ ಹಗುರಾಗಿ ಬರಲಿ. ಎರವಲು ತಂದ ಟಾರ್ಪಾಲು, ಪಂಪುಗಳು ತೊಳೆದು ಒರೆಸಿಕೊಂಡು ಮಾಲೀಕರ ಮನೆ ಸೇರಲಿ. ತಂಗಿದ ಶಾಲೆಯ ಜಗಲಿಯಲ್ಲಿ ಒಂದು ಕಾಗದದ ಚೂರೂ ಉಳಿಯದಿರಲಿ.